ಅರುಂಧತಿ ನಾಗ್: ರಂಗದ ಮೇಲೆ, ತೆರೆಯ ಮೇಲೆ – ಪದೇ ಪದೇ ಕೇಳುವ ಪ್ರಶ್ನೆಗಳು

ಅರುಂಧತಿ ನಾಗ್ ಎಂದರೆ ಕೆಲವರಿಗೆ 'ಜೋಗಿ' ಸಿನಿಮಾದ ತಾಯಿ. ಕೆಲವರಿಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗ ಶಂಕರ ಎಂಬ ರಂಗಮಂದಿರ ಕಟ್ಟಿಸಿದವರು. ಇನ್ನು ಬಹಳ ಜನರಿಗೆ ಶಂಕರ್‌ನಾಗ್ ಅವರ ಹೆಂಡತಿ. ಮೂರೂ ನಿಜವೇ. ಆದರೆ ಈ ಮೂರನ್ನು ಸೇರಿಸಿದರೂ ಅವರ ವೃತ್ತಿಜೀವನ ಪೂರ್ತಿಯಾಗಿ ಕಾಣುವುದಿಲ್ಲ. ಅದರ ದೊಡ್ಡ ಪಾಲು ನಡೆದಿದ್ದು ಕ್ಯಾಮೆರಾ ಇಲ್ಲದ ಜಾಗದಲ್ಲಿ. ಅದಕ್ಕೇ ಅವರ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಎಲ್ಲ ಉತ್ತರಗಳೂ ಒಂದೇ ಅಳತೆಯಲ್ಲಿಲ್ಲ. ನಾಟಕದ ವಿಷಯ ಬಂದಾಗ ಮಾತು ಜಾಸ್ತಿಯಾಗಿದೆ.

ಅವರು ಮೂಲತಃ ಕನ್ನಡ ರಂಗಭೂಮಿಯವರಾ?

ಅಲ್ಲ. ಹುಟ್ಟಿದ್ದು 1956ರ ಜುಲೈ 6ರಂದು, ದೆಹಲಿಯಲ್ಲಿ. ಆಗಿನ ಹೆಸರು ಅರುಂಧತಿ ರಾವ್. ಹತ್ತು ವರ್ಷದ ಹೊತ್ತಿಗೆ ಕುಟುಂಬ ಮುಂಬೈಗೆ ಹೋಯಿತು. ನಾಟಕದ ರುಚಿ ಹತ್ತಿದ್ದು ಅಲ್ಲಿ. ಹಿಂದಿ, ಮರಾಠಿ, ಗುಜರಾತಿ ರಂಗಭೂಮಿ ಅಕ್ಕಪಕ್ಕದಲ್ಲೇ ಬದುಕುತ್ತಿದ್ದ ಊರು ಅದು. ಈ ಮೂರೂ ಭಾಷೆಗಳಲ್ಲಿ ಅವರು ಅಭಿನಯಿಸಿದರು. ಕನ್ನಡ ಆಮೇಲೆ ಬಂತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅವರ ಕನ್ನಡ ಅಭಿನಯ ನೋಡಿದ ಎಷ್ಟೋ ಜನ ಅವರನ್ನು ಹಳೇ ಮೈಸೂರು ಕಡೆಯವರೆಂದೇ ತಿಳಿದಿರುತ್ತಾರೆ. ಬೇರೆ ಭಾಷೆಯ ವೇದಿಕೆಯಲ್ಲಿ ಪಳಗಿ ಬಂದ ನಟಿ ಹಳ್ಳಿಯ ತಾಯಿಯ ಪಾತ್ರದಲ್ಲಿ ಒಂದು ಚೂರೂ ಹೊರಗಿನವರೆನಿಸದೆ ನಿಲ್ಲುವುದು ಸುಮ್ನೆ ಆಗುವ ಕೆಲಸವಲ್ಲ.

ಮುಂಬೈಯಲ್ಲಿ ಯಾವ ತಂಡದಲ್ಲಿದ್ದರು?

ಇಪ್ಟಾದಲ್ಲಿ. ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್ ಎಂಬುದು ಪೂರ್ತಿ ಹೆಸರು. 1943ರಲ್ಲಿ ಶುರುವಾದ ಎಡಪಂಥೀಯ ಒಲವಿನ ಸಾಂಸ್ಕೃತಿಕ ಸಂಘಟನೆ ಅದು. ಬಲರಾಜ್ ಸಾಹನಿ, ಕೈಫಿ ಆಜ್ಮಿ, ಎ.ಕೆ. ಹಾನಗಲ್ ಅಂಥವರೆಲ್ಲ ಅದರ ಜೊತೆಗಿದ್ದರು. ನಾಟಕ ಜನರಿಗಾಗಿ ಎಂಬುದು ಅಲ್ಲಿ ಬರೀ ಘೋಷಣೆಯಾಗಿರಲಿಲ್ಲ, ಕೆಲಸದ ಕ್ರಮವೇ ಹಾಗಿತ್ತು. ಸ್ಟಾರ್ ಎನ್ನುವ ಕಲ್ಪನೆಗೆ ಜಾಗ ಕಡಿಮೆ. ಇವತ್ತು ಮುಖ್ಯ ಪಾತ್ರ ಮಾಡಿದವರು ನಾಳೆ ರಂಗಸಜ್ಜಿಕೆ ಎತ್ತುತ್ತಾರೆ. ಅರುಂಧತಿ ಅವರ ಮುಂದಿನ ಬದುಕನ್ನು ನೋಡಿದರೆ ಈ ಅಭ್ಯಾಸ ಅವರನ್ನು ಬಿಟ್ಟೇ ಇಲ್ಲ ಎನಿಸುತ್ತದೆ.

ಶಂಕರ್‌ನಾಗ್ ಪರಿಚಯವಾಗಿದ್ದು ಸಿನಿಮಾದಲ್ಲಾ, ನಾಟಕದಲ್ಲಾ?

ನಾಟಕದಲ್ಲಿ. ಆಗ ಅರುಂಧತಿಗೆ ಹದಿನೇಳು ವರ್ಷ. ಶಂಕರ್ ಕೂಡ ಮುಂಬೈ ರಂಗಭೂಮಿಯಲ್ಲಿ ಓಡಾಡುತ್ತಿದ್ದ ಹುಡುಗ. 1978ರಲ್ಲಿ ಗಿರೀಶ್ ಕಾರ್ನಾಡ್ ನಿರ್ದೇಶನದ 'ಒಂದಾನೊಂದು ಕಾಲದಲ್ಲಿ' ಸಿನಿಮಾ ಶಂಕರ್ ಅವರನ್ನು ಕನ್ನಡಕ್ಕೆ ಎಳೆದು ತಂದಿತು. 1980ರಲ್ಲಿ ಇಬ್ಬರ ಮದುವೆಯಾಯಿತು. ಹೀಗೆ ಅರುಂಧತಿ ಬೆಂಗಳೂರಿನವರಾದರು.

ಆ ಹೊತ್ತಿಗೆ ಶಂಕರ್ ವರ್ಷಕ್ಕೆ ಹಲವು ಸಿನಿಮಾ ಮಾಡುವ ನಟರಾಗಿದ್ದರು. ಆದರೂ 'ಸಂಕೇತ್' ತಂಡ ಕಟ್ಟಿಕೊಂಡು ನಾಟಕ ಬಿಡದೆ ಮಾಡಿದರು. ದಿನವಿಡೀ ಶೂಟಿಂಗ್, ಸಂಜೆ ಮೇಲೆ ರಿಹರ್ಸಲ್. ಅರುಂಧತಿ, ರಮೇಶ್ ಭಟ್ ಮುಂತಾದವರು ಆ ತಂಡದ ಗಟ್ಟಿ ಆಧಾರ.

'ಸಂಕೇತ್' ಕಾಲದ ನಾಟಕಗಳಲ್ಲಿ ಯಾವ ಥರದ ಪಾತ್ರಗಳಿದ್ದವು?

ಇದೇ ನನಗೆ ಅತ್ಯಂತ ಇಷ್ಟದ ಪ್ರಶ್ನೆ. ಬಹುಮುಖ ನಟಿ ಎಂಬ ಮಾತನ್ನು ನಾವು ಎಲ್ಲರಿಗೂ ಹಂಚಿಬಿಟ್ಟಿದ್ದೇವೆ. ಆ ಮಾತಿಗೆ ಲೆಕ್ಕ ಕೊಡಬೇಕೆಂದರೆ ನಾಟಕಗಳ ಪಟ್ಟಿ ನೋಡಬೇಕು.

ಕಾರ್ನಾಡರ 'ಅಂಜುಮಲ್ಲಿಗೆ' ತಗೊಳ್ಳಿ. ಇಂಗ್ಲೆಂಡಿನಲ್ಲಿರುವ ಭಾರತೀಯ ಸೋದರ-ಸೋದರಿಯ ನಡುವಿನ, ಬಾಯಿಬಿಟ್ಟು ಹೇಳಲಾಗದ ಆಕರ್ಷಣೆಯ ನಾಟಕ. ಸಭ್ಯ ಪ್ರೇಕ್ಷಕರು ಕುರ್ಚಿಯಲ್ಲಿ ಹೊರಳಾಡುವಂಥ ವಸ್ತು.

'27 ಮಾವಳ್ಳಿ ಸರ್ಕಲ್' ಇದಕ್ಕೆ ಪೂರ್ತಿ ಬೇರೆ. ಫ್ರೆಡರಿಕ್ ನಾಟ್ ಬರೆದ ಥ್ರಿಲ್ಲರ್ ಒಂದನ್ನು ಬೆಂಗಳೂರಿನ ಮಾವಳ್ಳಿಗೆ ಇಳಿಸಿದ ನಾಟಕ. ಕಣ್ಣು ಕಾಣದ ಹೆಣ್ಣುಮಗಳೊಬ್ಬಳು ಮನೆಗೆ ನುಗ್ಗಿದ ದುಷ್ಟರನ್ನು ಎದುರಿಸುವ ಕಥೆ. ಅವಳಿಗಿರುವ ಆಯುಧ ಒಂದೇ: ದೀಪ ಆರಿಸಿಬಿಟ್ಟರೆ ಎಲ್ಲರೂ ಅವಳ ಹಾಗೆಯೇ ಕುರುಡರು. ಕಣ್ಣಿನ ಸಹಾಯ ಇಲ್ಲದೆ ನಟಿಸುವುದು ಎಷ್ಟು ಕಷ್ಟ ಎಂದು ಯೋಚಿಸಿ. ನೋಟದಿಂದ ಹೇಳುತ್ತಿದ್ದುದನ್ನೆಲ್ಲ ಬೆರಳು, ಕಿವಿ, ತಲೆಯ ವಾಲುವಿಕೆಯಿಂದ ಹೇಳಬೇಕು. ಕತ್ತಲಲ್ಲಂತೂ ಧ್ವನಿ ಮತ್ತು ಹೆಜ್ಜೆ ಸಪ್ಪಳ ಮಾತ್ರ ಉಳಿಯುತ್ತದೆ.

'ಸಂಧ್ಯಾಛಾಯಾ' ಮರಾಠಿಯ ಜಯವಂತ ದಳವಿ ಅವರದು. ಮಕ್ಕಳು ದೂರವಾದ ಮುದಿ ದಂಪತಿಯ ಒಂಟಿತನ ಅದರ ವಸ್ತು. ಅಲ್ಲಿ ದೊಡ್ಡ ಘಟನೆಗಳೇ ಇಲ್ಲ. ಫೋನ್ ಬರುತ್ತದಾ, ಯಾರಾದರೂ ಮನೆಗೆ ಬರುತ್ತಾರಾ ಎಂದು ಕಾಯುವುದರಲ್ಲೇ ಇಡೀ ಸಂಜೆ ಕಳೆಯುತ್ತದೆ.

ಇನ್ನು 'ಹುಲಗೂರು ಹುಲಿಯವ್ವ'. ಜರ್ಮನ್ ನಾಟಕಕಾರ ಬ್ರೆಕ್ಟ್‌ನ 'ಮದರ್ ಕರೇಜ್' ಇದರ ಮೂಲ. ಯುದ್ಧದ ಹಿಂದೆಯೇ ಗಾಡಿ ಎಳೆದುಕೊಂಡು ಸೈನಿಕರಿಗೆ ಸಾಮಾನು ಮಾರುವ ಹೆಂಗಸು. ಯುದ್ಧ ಅವಳ ಹೊಟ್ಟೆ ತುಂಬಿಸುತ್ತದೆ, ಅವಳ ಮಕ್ಕಳನ್ನೂ ನುಂಗುತ್ತದೆ. ಅವಳನ್ನು ಪ್ರೀತಿಸಬೇಕಾ, ಬೈಯಬೇಕಾ ಎಂದು ಪ್ರೇಕ್ಷಕರಿಗೆ ಗೊತ್ತಾಗಬಾರದು. ಬ್ರೆಕ್ಟ್‌ಗೆ ಬೇಕಿದ್ದೇ ಅದು. ಅಳು ಬರಿಸುವುದು ಸುಲಭ. ಅಳು ಬರುವ ಹೊತ್ತಿಗೆ ಪ್ರೇಕ್ಷಕರನ್ನು ತಡೆದು ಯೋಚನೆಗೆ ಹಚ್ಚುವುದಕ್ಕೆ ನಟಿಗೆ ಬಹಳ ಹಿಡಿತ ಬೇಕು.

ಅಂಜುಮಲ್ಲಿಗೆಯ ಸಂಕೋಚ, ಮಾವಳ್ಳಿಯ ಭಯ, ಮುದುಕಿಯ ಕಾಯುವಿಕೆ, ಹುಲಿಯವ್ವನ ಜಿಗುಟುತನ. ಇಷ್ಟು ಅಗಲದ ಪಾತ್ರಗಳನ್ನು ಕನ್ನಡ ಸಿನಿಮಾ ಒಬ್ಬ ನಟಿಗೆ ಆ ಕಾಲದಲ್ಲಿ ಕೊಡುತ್ತಿರಲಿಲ್ಲ. ಈಗಲೂ ಕೊಡುವುದು ಅಪರೂಪ, ಅಲ್ವಾ?

1980ರ ದಶಕದಲ್ಲಿ ಯಾವ ಕನ್ನಡ ಸಿನಿಮಾಗಳಲ್ಲಿ ನಟಿಸಿದರು?

'ಪರಮೇಶಿ ಪ್ರೇಮ ಪ್ರಸಂಗ', 'ನೋಡಿ ಸ್ವಾಮಿ ನಾವಿರೋದು ಹೀಗೆ', 'ಆಕ್ಸಿಡೆಂಟ್'. ಮೊದಲನೆಯದನ್ನು ನಿರ್ದೇಶಿಸಿದ್ದು ಅವರ ರಂಗಗೆಳೆಯ ರಮೇಶ್ ಭಟ್. ಇದು ಮತ್ತು 'ನೋಡಿ ಸ್ವಾಮಿ' ಎರಡೂ ಹಗುರ ಹಾಸ್ಯದ ಸಿನಿಮಾಗಳು. ನಾಟಕದವರು ರಜೆಯ ಮೂಡಿನಲ್ಲಿ ಮಾಡಿದ ಹಾಗಿವೆ, ಆ ಲವಲವಿಕೆ ಈಗಲೂ ಕಾಣುತ್ತದೆ.

'ಆಕ್ಸಿಡೆಂಟ್' ಗಂಭೀರ ಚಿತ್ರ. ಅಧಿಕಾರಸ್ಥರ ಮಗನೊಬ್ಬ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹರಿಸುತ್ತಾನೆ. ಆಮೇಲೆ ಅದನ್ನು ಮುಚ್ಚಿಹಾಕುವ ಆಟ ನಡೆಯುತ್ತದೆ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಇದಕ್ಕೆ ಸಿಕ್ಕಿತು. ನಾಲ್ಕು ದಶಕ ಕಳೆದರೂ ಈ ಕಥೆ ಹಳತಾಗಿಲ್ಲ. ಪೇಪರ್ ಓದುವವರಿಗೆ ಯಾಕೆ ಎಂದು ಹೇಳಬೇಕಿಲ್ಲ.

'ಗೀತಾ' ಸಿನಿಮಾದ ನಾಯಕಿ ಇವರೇನಾ?

ಅಲ್ಲ, ಅವರ ತಂಗಿ. 1981ರ 'ಗೀತಾ'ದಲ್ಲಿ ನಟಿಸಿದವರು ಅಕ್ಷತಾ ರಾವ್, ಅಂದರೆ ಪದ್ಮಾವತಿ ರಾವ್. ಅವರೂ ರಂಗಭೂಮಿಯ ಕಲಾವಿದೆ. ಮುಖದ ಹೋಲಿಕೆಯಿಂದ ಈ ಗೊಂದಲ ಇವತ್ತಿಗೂ ನಡೆಯುತ್ತಿದೆ.

ಅನಂತ್‌ನಾಗ್ ಅವರಿಗೆ ಏನಾಗಬೇಕು?

ಶಂಕರ್ ಅವರ ಅಣ್ಣ. ಅರುಂಧತಿಗೆ ಭಾವ.

1990ರಲ್ಲಿ ಏನಾಯಿತು?

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡು ಬಳಿ ನಡೆದ ಕಾರು ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರು. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆಂದು ಹೊರಟಿದ್ದ ಪ್ರಯಾಣ ಅದು. ಅವರಿಗೆ ಇನ್ನೂ 36 ತುಂಬಿರಲಿಲ್ಲ. ಅರುಂಧತಿ ಮತ್ತು ಪುಟ್ಟ ಮಗಳು ಅದೇ ಕಾರಿನಲ್ಲಿದ್ದರು. ಇಬ್ಬರೂ ಗಾಯಗಳೊಂದಿಗೆ ಬದುಕುಳಿದರು.

ಈ ವಿಷಯವನ್ನು ಇದಕ್ಕಿಂತ ಜಾಸ್ತಿ ಎಳೆಯುವ ಅಗತ್ಯವಿಲ್ಲ. ಪ್ರತಿ ಸೆಪ್ಟೆಂಬರ್‌ನಲ್ಲಿ ಅದೇ ಫೋಟೋ, ಅದೇ ಕಣ್ಣೀರಿನ ಹಿನ್ನೆಲೆ ಸಂಗೀತ ಹಾಕುವ ವಿಡಿಯೋಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಅರುಂಧತಿ ಬರೀ ದುಃಖದಲ್ಲಿರುವ ಹೆಂಡತಿ. ಅವರು ಆಗ 34 ವರ್ಷದ, ಐದಾರು ಭಾಷೆಯ ವೇದಿಕೆ ಕಂಡ ನಟಿಯಾಗಿದ್ದರು ಎಂಬುದು ಅಲ್ಲಿ ಎಲ್ಲೂ ಬರುವುದಿಲ್ಲ.

ಅಷ್ಟು ಒಳ್ಳೆ ನಟಿ, ಸಿನಿಮಾ ಯಾಕೆ ಇಷ್ಟು ಕಡಿಮೆ?

ಒಂದೇ ಕಾರಣ ಹೇಳಿದರೆ ತಪ್ಪಾಗುತ್ತದೆ. ಅಪಘಾತದ ನಂತರದ ವರ್ಷಗಳು ಚೇತರಿಕೆಗೆ, ಮಗಳಿಗೆ ಹೋದವು. ಅದರ ಜೊತೆಗೇ ಒಂದು ರಂಗಮಂದಿರ ಕಟ್ಟುವ ಕೆಲಸ ಶುರುವಾಯಿತು. ಶೂಟಿಂಗ್ ಶೆಡ್ಯೂಲ್ ಇಟ್ಟುಕೊಂಡು ಪಕ್ಕದಲ್ಲಿ ಮಾಡಿ ಮುಗಿಸುವ ಕೆಲಸ ಅದಲ್ಲ. ಇನ್ನೊಂದು ಕಾರಣ ನಮ್ಮ ಸಿನಿಮಾಗಳದ್ದೇ. ನಲವತ್ತು ದಾಟಿದ ನಟಿಗೆ ಬರೆಯುತ್ತಿದ್ದ ಪಾತ್ರಗಳು ಎರಡೇ ಬಗೆಯವು: ಅಳುವ ತಾಯಿ ಮತ್ತು ಕಿರುಚುವ ಅತ್ತೆ.

ನನ್ನ ಅಭಿಪ್ರಾಯ ಕೇಳಿದರೆ, ಸಿನಿಮಾ ಕಡಿಮೆ ಎಂಬ ಲೆಕ್ಕವೇ ಸ್ವಲ್ಪ ವಕ್ರ. ನಾವು ನಟಿಯ ವೃತ್ತಿಯನ್ನು ಸಿನಿಮಾ ಪಟ್ಟಿಯಿಂದ ಅಳೆಯುತ್ತೇವೆ, ಯಾಕೆಂದರೆ ಅದು ಫೋನಿನಲ್ಲಿ ಸುಲಭವಾಗಿ ಸಿಗುತ್ತದೆ. ನಾಟಕದ ಪ್ರದರ್ಶನಕ್ಕೆ ಅಂಥ ಗುರುತು ಉಳಿಯುವುದಿಲ್ಲ. ಅರುಂಧತಿ ಅವರ ವಿಷಯದಲ್ಲಿ ನಾಟಕವೇ ಕಾಯಂ ಕೆಲಸ, ಸಿನಿಮಾ ಆಗಾಗ ಹೋಗಿ ಬರುವ ಊರು. ಹಾಗೆ ನೋಡಿದರೆ ಅವರು ಕಡಿಮೆ ಕೆಲಸ ಮಾಡಿದ ನಟಿ ಎಂದು ಯಾರಿಗೂ ಅನಿಸುವುದಿಲ್ಲ.

'ಒಡಕಲು ಬಿಂಬ' ನಾಟಕದ ಬಗ್ಗೆ ಅಷ್ಟು ಮಾತಾಡುತ್ತಾರಲ್ಲ, ಅದರಲ್ಲೇನಿದೆ?

2005ರಲ್ಲಿ ರಂಗಕ್ಕೆ ಬಂದ ಕಾರ್ನಾಡರ ನಾಟಕ. ಕಾರ್ನಾಡರೇ ಕೆ.ಎಂ. ಚೈತನ್ಯ ಜೊತೆ ಸೇರಿ ನಿರ್ದೇಶಿಸಿದರು. ರಂಗದ ಮೇಲೆ ಒಬ್ಬರೇ ನಟಿ. ಕನ್ನಡದಲ್ಲೂ, 'ಬಿಖರೇ ಬಿಂಬ್' ಎಂಬ ಹಿಂದಿ ರೂಪದಲ್ಲೂ ಅದನ್ನು ಮಾಡಿದವರು ಅರುಂಧತಿ.

ಕಥೆ ಹೀಗೆ. ಮಂಜುಳಾ ನಾಯಕ್ ಅಷ್ಟೇನೂ ಹೆಸರು ಮಾಡದ ಕನ್ನಡ ಕತೆಗಾರ್ತಿ. ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ಜಗತ್ತಿನಲ್ಲೆಲ್ಲ ಪ್ರಸಿದ್ಧಳಾಗುತ್ತಾಳೆ. ಟೀವಿ ಸ್ಟುಡಿಯೋಗೆ ಬಂದು ಕ್ಯಾಮೆರಾ ಮುಂದೆ ಚಂದದ ಭಾಷಣ ಮಾಡುತ್ತಾಳೆ. ಕನ್ನಡ ಬಿಟ್ಟು ಇಂಗ್ಲಿಷಿಗೆ ಯಾಕೆ ಹೋದಿರಿ ಎನ್ನುವವರಿಗೆ ಉತ್ತರ ಕೊಡುತ್ತಾಳೆ. ಹಾಸಿಗೆ ಹಿಡಿದಿದ್ದ ತಂಗಿಯನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾಳೆ. ಮಾತು ಮುಗಿಸಿ ಹೊರಡುವಾಗ ಪರದೆಯ ಮೇಲಿನ ಅವಳದೇ ಬಿಂಬ ಆರುವುದಿಲ್ಲ. ಅದು ಅವಳನ್ನು ಕರೆದು ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಆಮೇಲಿನ ತಿರುವುಗಳನ್ನು ಇಲ್ಲಿ ಹೇಳುವುದಿಲ್ಲ. ನೋಡದವರಿಗೆ ಅನ್ಯಾಯವಾಗುತ್ತದೆ.

ನಟನೆಯ ದೃಷ್ಟಿಯಿಂದ ಇದು ವಿಚಿತ್ರ ಪರೀಕ್ಷೆ. ಪರದೆಯ ಮೇಲಿನ ಬಿಂಬ ಮೊದಲೇ ಚಿತ್ರೀಕರಿಸಿದ್ದು. ಅದರ ವೇಗ ಬದಲಾಗುವುದಿಲ್ಲ. ಎದುರಿನ ನಟ ಸಂಭಾಷಣೆ ಮರೆತರೆ ಇನ್ನೊಬ್ಬರು ಸಂಭಾಳಿಸುತ್ತಾರೆ, ಪ್ರೇಕ್ಷಕರು ನಕ್ಕರೆ ಒಂದು ಕ್ಷಣ ತಡೆಯುತ್ತಾರೆ. ಬಿಂಬ ಯಾರಿಗೂ ತಡೆಯುವುದಿಲ್ಲ. ಜನ ನಗಲಿ, ಕೆಮ್ಮಲಿ, ಅದು ತನ್ನ ಹೊತ್ತಿಗೆ ತನ್ನ ಮಾತು ಹೇಳಿಯೇ ಬಿಡುತ್ತದೆ. ವೇದಿಕೆ ಮೇಲಿನ ನಟಿ ಆ ಗಡಿಯಾರಕ್ಕೆ ಕಟ್ಟುಬಿದ್ದಿರಬೇಕು, ಆದರೆ ಕಟ್ಟುಬಿದ್ದ ಹಾಗೆ ಕಾಣಬಾರದು.

ಇನ್ನೂ ಸ್ವಾರಸ್ಯದ ಸಂಗತಿಯಿದೆ. ಪರದೆಯ ಮೇಲಿನ ಅರುಂಧತಿ ಕ್ಯಾಮೆರಾಕ್ಕೆ ನಟಿಸಿದ್ದಾರೆ. ಕಣ್ಣು, ತುಟಿಯ ಅಂಚು ಸಾಕು. ವೇದಿಕೆಯ ಅರುಂಧತಿ ಕೊನೇ ಸಾಲಿನವರೆಗೂ ನಟಿಸಬೇಕು, ಅಲ್ಲಿ ಇಡೀ ಮೈ ಬೇಕು. ಒಬ್ಬಳೇ ಹೆಂಗಸಿನ ಎರಡು ಮುಖ ಎಂದು ಜನ ನಂಬಬೇಕಾದರೆ ಈ ಎರಡು ಬಗೆಯ ನಟನೆಗಳು ಒಂದಕ್ಕೊಂದು ಹೊಂದಬೇಕು. ರಂಗ ಮತ್ತು ತೆರೆ ಎರಡನ್ನೂ ಬಲ್ಲ ನಟಿಗಲ್ಲದೆ ಬೇರೆಯವರಿಗೆ ಇದು ಕಷ್ಟವಿತ್ತು. ಅವರ ಇಡೀ ವೃತ್ತಿಯಿಂದ ಒಂದನ್ನೇ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

'ಜೋಗಿ'ಯಲ್ಲಿ ಅವರ ಪಾತ್ರ ಅಷ್ಟು ಯಾಕೆ ನೆನಪಿನಲ್ಲಿ ಉಳಿಯಿತು?

'ಒಡಕಲು ಬಿಂಬ' ಬಂದ 2005ರಲ್ಲೇ 'ಜೋಗಿ'ಯೂ ಬಂತು. ಒಂದೇ ವರ್ಷದಲ್ಲಿ ಅತ್ತ ಇಂಗ್ಲಿಷಿನಲ್ಲಿ ಹೆಸರು ಮಾಡಿದ ಲೇಖಕಿ, ಇತ್ತ ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬರುವ ಹಳ್ಳಿಯ ತಾಯಿ. ಎರಡನ್ನೂ ನೋಡಿದವರು ಕಡಿಮೆ. ನಾಟಕದ ಪ್ರೇಕ್ಷಕರೇ ಬೇರೆ, ಶಿವರಾಜ್‌ಕುಮಾರ್ ಸಿನಿಮಾಕ್ಕೆ ಮೊದಲ ದಿನ ನುಗ್ಗುವವರೇ ಬೇರೆ.

ಪ್ರೇಮ್ ನಿರ್ದೇಶನದ ಈ ಚಿತ್ರದಲ್ಲಿ ನಾಯಕ ಮಾದೇಶ (ಶಿವರಾಜ್‌ಕುಮಾರ್) ಹಳ್ಳಿ ಬಿಟ್ಟು ನಗರಕ್ಕೆ ಬಂದು ಭೂಗತ ಲೋಕಕ್ಕೆ ಸಿಕ್ಕಿಬೀಳುತ್ತಾನೆ. ತಾಯಿ ಅವನನ್ನು ಹುಡುಕುತ್ತಾ ಅದೇ ನಗರದಲ್ಲಿ ಅಲೆಯುತ್ತಾಳೆ. ಇಬ್ಬರೂ ಹತ್ತಿರ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತಲೇ ಇರುತ್ತಾರೆ. ಕೊನೆಗೆ ಹೆಣದ ಮೆರವಣಿಗೆಯ ಮುಂದೆ ಮಗ ಕುಣಿಯುತ್ತಾನೆ, ಅದು ತನ್ನ ತಾಯಿಯದೆಂದು ಗೊತ್ತಿಲ್ಲದೆ. ಥಿಯೇಟರಿನಲ್ಲಿ ಗಟ್ಟಿ ಗಂಡಸರೇ ಕಣ್ಣೊರೆಸಿಕೊಂಡ ದೃಶ್ಯ ಅದು.

ಕಾಗದದ ಮೇಲೆ ಇದು ಪಕ್ಕಾ ಮೆಲೋಡ್ರಾಮಾ. ತಾಯಿಯ ಪಾತ್ರ ಮಾಡುವವರು ಒಂದು ಗುಲಗಂಜಿ ಜಾಸ್ತಿ ಅತ್ತಿದ್ದರೂ ನಗೆಪಾಟಲಾಗುತ್ತಿತ್ತು. ಅರುಂಧತಿ ಅಲ್ಲಿ ಹಿಡಿದಿದ್ದು ಅಳುವನ್ನಲ್ಲ, ಗಾಬರಿಯನ್ನು. ಗುರುತಿಲ್ಲದ ಊರಿನಲ್ಲಿ ಯಾರನ್ನು ಕೇಳಬೇಕು, ಎಲ್ಲಿ ನಿಲ್ಲಬೇಕು ಎಂದು ತಿಳಿಯದ ಗಾಬರಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಕಕ್ಕಾಬಿಕ್ಕಿಯಾದ ಯಾರಿಗಾದರೂ ಅದು ಗೊತ್ತು. ಅದಕ್ಕೇ ಸಿನಿಮಾದ ಉಳಿದ ಅಬ್ಬರ ಮರೆತವರಿಗೂ ಈ ತಾಯಿಯ ಮುಖ ಮರೆತಿಲ್ಲ.

ಅಂದಹಾಗೆ ಶಿವರಾಜ್‌ಕುಮಾರ್‌ಗೂ ಅವರಿಗೂ ಇರುವ ವಯಸ್ಸಿನ ಅಂತರ ಸುಮಾರು ಆರು ವರ್ಷ ಮಾತ್ರ.

'ಪಾ' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದು ಯಾವ ಪಾತ್ರಕ್ಕೆ?

ಆರ್. ಬಾಲ್ಕಿ ನಿರ್ದೇಶನದ 2009ರ ಹಿಂದಿ ಚಿತ್ರ. ಬಾಲಕನಾಗಿದ್ದಾಗಲೇ ಮುದುಕನಂತೆ ಕಾಣುವ ಅಪರೂಪದ ಕಾಯಿಲೆಯ ಹುಡುಗನಾಗಿ ಅಮಿತಾಭ್ ಬಚ್ಚನ್, ಅವನ ತಾಯಿಯಾಗಿ ವಿದ್ಯಾ ಬಾಲನ್, ವಿದ್ಯಾಳ ತಾಯಿಯಾಗಿ ಅರುಂಧತಿ. 57ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಪೋಷಕ ನಟಿ ಎಂದು ಅವರನ್ನು ಆರಿಸಿದರು. ಅದೇ ಚಿತ್ರಕ್ಕೆ ಅಮಿತಾಭ್ ಅತ್ಯುತ್ತಮ ನಟರಾದರು.

ಅಮಿತಾಭ್ ಹುಟ್ಟಿದ್ದು 1942ರಲ್ಲಿ. ಅಂದರೆ ಮೊಮ್ಮಗನಿಗಿಂತ ಅಜ್ಜಿ ಸುಮಾರು ಹದಿನಾಲ್ಕು ವರ್ಷ ಚಿಕ್ಕವರು! ಮೇಕಪ್ ಅರ್ಧ ಕೆಲಸ ಮಾಡುತ್ತದೆ, ಸರಿ. ಉಳಿದರ್ಧ ಮಾಡಬೇಕಾದವರು ಅಜ್ಜಿಯೇ. ಎದುರಿಗಿರುವವನನ್ನು ಅವರು ಮಗುವಿನಂತೆ ನೋಡದಿದ್ದರೆ ನಾವೂ ಮಗು ಎಂದು ನಂಬುತ್ತಿರಲಿಲ್ಲ. ಪೋಷಕ ನಟನೆ ಎಂದರೆ ಇದೇ. ಮದುವೆಯಾಗದೆ ಗರ್ಭಿಣಿಯಾದ ಮಗಳ ಜೊತೆ ನಿಲ್ಲುವ ಈ ತಾಯಿಯಲ್ಲಿ ತ್ಯಾಗಮಯಿಯ ಠೀವಿ ಇಲ್ಲ. ಹಾಸ್ಯಪ್ರಜ್ಞೆ ಇದೆ, ಗಟ್ಟಿತನ ಇದೆ.

ಬೇರೆ ಭಾಷೆಗಳಲ್ಲಿ ಏನೇನು ಮಾಡಿದ್ದಾರೆ?

ತಮಿಳಿನಲ್ಲಿ ರಾಜೀವ್ ಮೆನನ್ ಅವರ 'ಮಿನ್ಸಾರ ಕನವು' (1997). ಅದರಲ್ಲಿ ಅವರು ಕಾನ್ವೆಂಟಿನ ಮದರ್ ಸುಪೀರಿಯರ್. ಹಿಂದಿಯಲ್ಲಿ ಮಣಿರತ್ನಂ ಅವರ 'ದಿಲ್ ಸೇ' (1998). ಮಲಯಾಳದಲ್ಲಿ ಆಶಿಕ್ ಅಬು ನಿರ್ದೇಶನದ 'ಡಾ ತಡಿಯಾ' (2012). ಇಂಗ್ಲಿಷ್ ನಾಟಕಗಳಲ್ಲೂ ಇದ್ದಾರೆ.

ಭಾಷೆಗಳ ಸಂಖ್ಯೆ ಹೇಳಿ ಬೆರಗಾಗುವುದು ಸುಲಭ. ಸಿನಿಮಾದಲ್ಲಿ ಭಾಷೆ ಬಾರದಿದ್ದರೂ ಡಬ್ಬಿಂಗ್ ಇದೆ, ನಡೆಯುತ್ತದೆ. ನಾಟಕದಲ್ಲಿ ಆ ಸೌಲಭ್ಯ ಇಲ್ಲ. ಸಂಜೆ ಏಳೂವರೆಗೆ ಪರದೆ ಎದ್ದರೆ ಆ ಭಾಷೆಯಲ್ಲೇ ಉಸಿರಾಡಬೇಕು.

ರಂಗ ಶಂಕರವನ್ನು ಅವರ ನಟನಾ ವೃತ್ತಿಯ ಭಾಗವೆಂದು ಹೇಳಬಹುದಾ?

ಖಂಡಿತ. ಕೆಲವರು ಇದನ್ನು ಗಂಡನ ನೆನಪಿಗೆ ಕಟ್ಟಿದ ಸ್ಮಾರಕ ಎನ್ನುತ್ತಾರೆ. ಶಂಕರ್ ಹೆಸರಿದೆ, ಅವರಿಬ್ಬರ ಹಳೆಯ ಕನಸೂ ಹೌದು. ಆದರೆ ಅದು ನಿಂತಿರುವ ರೀತಿ ನೋಡಿದರೆ ನಟಿಯೊಬ್ಬರು ತನ್ನ ಕಸುಬಿಗೆ ಬೇಕಾದ ಜಾಗವನ್ನು ಕಟ್ಟಿಕೊಂಡಿದ್ದು ಎಂದೇ ನನಗೆ ಕಾಣುತ್ತದೆ.

ಬೆಂಗಳೂರಿನಲ್ಲಿ ಆಗ ದೊಡ್ಡ ಸಭಾಂಗಣಗಳಿದ್ದವು. 1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರ ನಾಟಕದವರ ಮನೆಯೇ ಆಗಿತ್ತು. ಆದರೆ ಅಷ್ಟು ದೊಡ್ಡ ಜಾಗ ತುಂಬಿಸುವುದು ಸಣ್ಣ ತಂಡಗಳಿಗೆ ಕಷ್ಟ. ಅಲ್ಲಿ ಸನ್ಮಾನ, ಸಮಾರಂಭ, ನೃತ್ಯ ಎಲ್ಲವೂ ನಡೆಯಬೇಕು. ನಾಟಕಕ್ಕೆಂದೇ ಇರುವ, ನಟನ ಉಸಿರು ಕೇಳುವಷ್ಟು ಹತ್ತಿರದ ಜಾಗ ಬೇಕಿತ್ತು. ಮುಂಬೈಯಲ್ಲಿ 1978ರಿಂದ ಪೃಥ್ವಿ ಥಿಯೇಟರ್ ಅಂಥ ಜಾಗವಾಗಿತ್ತು. ಬೆಂಗಳೂರಿಗೂ ಅದು ಬೇಕು ಎಂಬುದು ಶಂಕರ್ ಇದ್ದಾಗಿನ ಮಾತು.

ಶಂಕರ್ ಹೋದ ಮೇಲೆ ಸಂಕೇತ್ ಟ್ರಸ್ಟ್ ಮೂಲಕ ಆ ಕೆಲಸ ಮುಂದುವರಿಯಿತು. ಸರ್ಕಾರದಿಂದ ನಿವೇಶನ ಸಿಕ್ಕಿತು. ದುಡ್ಡು ಸುಮ್ನೆ ಬರಲಿಲ್ಲ, ಬಾಗಿಲು ಬಾಗಿಲಿಗೆ ಹೋಗಿ ಕೇಳಬೇಕಾಯಿತು. ಶಾರುಖ್ ಮಿಸ್ತ್ರಿ ಕಟ್ಟಡದ ವಿನ್ಯಾಸ ಮಾಡಿದರು. 2004ರ ಅಕ್ಟೋಬರ್‌ನಲ್ಲಿ ಜೆ.ಪಿ. ನಗರ ಎರಡನೇ ಹಂತದಲ್ಲಿ ಬಾಗಿಲು ತೆರೆಯಿತು. ಅಪಘಾತದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ.

ಒಳಗೆ ಸುಮಾರು 320 ಆಸನಗಳಿವೆ. ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಮೂರು ಕಡೆಯಿಂದ ಜನ ನೋಡುತ್ತಿರುತ್ತಾರೆ. ಇದು ನಟರಿಗೆ ದಯೆ ತೋರಿಸುವ ವೇದಿಕೆಯಲ್ಲ. ಎಲ್ಲಿ ನಿಂತರೂ ಯಾರಿಗೋ ಒಬ್ಬರಿಗೆ ಬೆನ್ನು ಕಾಣುತ್ತದೆ, ಹಾಗಾಗಿ ಬೆನ್ನೂ ನಟಿಸಬೇಕು. ಕಟ್ಟಿಸಿದವರು ಒಬ್ಬ ನಟಿ ಎಂಬುದು ಇಲ್ಲಿ ಗೊತ್ತಾಗುತ್ತದೆ.

ದಿನಕ್ಕೊಂದು ನಾಟಕ ಎಂಬುದು ಇಲ್ಲಿನ ನೀತಿ. ತಂಡಗಳಿಗೆ ಕೈಗೆಟುಕುವ ಬಾಡಿಗೆ, ಪ್ರೇಕ್ಷಕರಿಗೆ ಕೈಗೆಟುಕುವ ಟಿಕೆಟ್. ಮಕ್ಕಳಿಗೆ 'ಆಹಾ' ಎಂಬ ರಂಗ ಕಾರ್ಯಕ್ರಮ ಬೇರೆ. ಮದುವೆಗೆ, ಕಂಪನಿ ಪಾರ್ಟಿಗೆ ಹಾಲ್ ಕೊಟ್ಟಿದ್ದರೆ ದುಡ್ಡಿಗೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ.

ಅಲ್ಲಿ ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲವಂತೆ, ನಿಜವಾ?

ನಿಜ. ಟಿಕೆಟ್ ಕೈಯಲ್ಲಿದ್ದರೂ ಬಿಡುವುದಿಲ್ಲ. ಟ್ರಾಫಿಕ್ ಇತ್ತು ಎಂದರೂ ಇಲ್ಲ, ದೊಡ್ಡ ಮನುಷ್ಯರಾದರೂ ಇಲ್ಲ. ಮೊದಮೊದಲು ಇದಕ್ಕೆ ಜಗಳಗಳೇ ಆಗುತ್ತಿದ್ದವು. ಈಗ ಬೆಂಗಳೂರಿನವರು ಒಗ್ಗಿಕೊಂಡಿದ್ದಾರೆ. ಅರ್ಧ ಗಂಟೆ ಮೊದಲೇ ಹೋಗಿ ಕ್ಯಾಂಟೀನಿನಲ್ಲಿ ಏನಾದರೂ ತಿಂದು ಕಾಯುವುದು ಒಳ್ಳೆಯದು.

ರಂಗದ ಅನುಭವ ಸಿನಿಮಾ ನಟನೆಗೆ ಸಹಾಯವಾ, ತೊಂದರೆಯಾ?

ಎರಡೂ ಆಗಬಹುದು. ನಾಟಕದಿಂದ ಬಂದವರು ಕ್ಯಾಮೆರಾ ಮುಂದೆ ಜೋರಾಗಿ ಮಾತಾಡುತ್ತಾರೆ, ಕೈ ಜಾಸ್ತಿ ಆಡಿಸುತ್ತಾರೆ ಎಂಬ ದೂರು ಹಳೆಯದು. ಕೆಲವರ ವಿಷಯದಲ್ಲಿ ಸರಿಯೂ ಹೌದು. ಅರುಂಧತಿ ಅವರ ಚಿತ್ರಗಳಲ್ಲಿ ಗಮನಿಸಬೇಕಾದ್ದು, ಅವರು ಮಾತಿಲ್ಲದ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದು. ಎದುರಿನವರು ಮಾತಾಡುವಾಗ ಅವರು ನಿಜವಾಗಿ ಕೇಳಿಸಿಕೊಳ್ಳುತ್ತಾರೆ. ತಮ್ಮ ಸಂಭಾಷಣೆಯ ಸರದಿಗೆ ಕಾಯುತ್ತಿರುವ ಹಾಗೆ ಕಾಣುವುದಿಲ್ಲ. ಇದು ರಂಗದ ಪಾಠ. ವೇದಿಕೆಯಲ್ಲಿ ಕಟ್ ಹೇಳುವವರು ಇಲ್ಲ, ಮಾತಿದ್ದರೂ ಇಲ್ಲದಿದ್ದರೂ ನಿಮ್ಮ ಮೇಲೆ ಬೆಳಕಿರುತ್ತದೆ.

ಧ್ವನಿ ಇನ್ನೊಂದು. ಮೈಕ್ ಇಲ್ಲದೆ ಪಿಸುಮಾತನ್ನು ಕೊನೇ ಸಾಲಿಗೆ ಮುಟ್ಟಿಸಿದ ಗಂಟಲಿಗೆ ಮೈಕ್ ಸಿಕ್ಕಾಗ ಎಷ್ಟು ತಗ್ಗಿಸಬೇಕೆಂಬುದೂ ಗೊತ್ತಿರುತ್ತದೆ.

ಮುಖ್ಯ ಪ್ರಶಸ್ತಿಗಳು ಯಾವುವು?

2008ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ, 'ಪಾ' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ.

ಅವರ ಕೆಲಸ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ?

ಸಿನಿಮಾದಲ್ಲಾದರೆ 'ಆಕ್ಸಿಡೆಂಟ್', ಆಮೇಲೆ 'ಜೋಗಿ', ಆಮೇಲೆ 'ಪಾ'. ಈ ಕ್ರಮದಲ್ಲಿ ನೋಡಿದರೆ ವಯಸ್ಸಿನ ಜೊತೆ ನಟನೆ ಹೇಗೆ ಮಿತವಾಗುತ್ತಾ ಹೋಗಿದೆ ಎಂದು ಕಾಣುತ್ತದೆ. ನಗುವ ಮೂಡಿದ್ದರೆ 'ನೋಡಿ ಸ್ವಾಮಿ ನಾವಿರೋದು ಹೀಗೆ' ಮೊದಲು ನೋಡಿ, ಯಾರೂ ಬೇಡ ಅನ್ನಲ್ಲ.

'ಒಡಕಲು ಬಿಂಬ'ವನ್ನು ಪುಸ್ತಕದಲ್ಲಿ ಓದಬಹುದು. ಓದುವಾಗ ಬಿಂಬದ ಮಾತುಗಳನ್ನು ಒಂದು ಧ್ವನಿಯಲ್ಲಿ, ಮಂಜುಳಾ ಮಾತುಗಳನ್ನು ಇನ್ನೊಂದು ಧ್ವನಿಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಎರಡು ಪುಟಕ್ಕೇ ಉಸಿರು ಹತ್ತುತ್ತದೆ. ಬೆಂಗಳೂರಿನಲ್ಲಿದ್ದರೆ ರಂಗ ಶಂಕರದ ತಿಂಗಳ ಪಟ್ಟಿ ನೋಡಿ ಒಂದು ಸಂಜೆ ಹೋಗಿ ಬನ್ನಿ. ಸೋಮವಾರ ರಜೆ.